ಮಾಸೂರಿಗೆ ಹೋದ ಆರು ಕಾಡತೂಸು

2023ರ ಏಪ್ರಿಲ್ ತಿಂಗಳು. ವಿಧಾನಸಭಾ ಚುನಾವಣೆ ಘೋಷಣೆಯಾಗಿತ್ತು. ನಾನು ಆಗ ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಆಯುಧಗಳನ್ನು ತಪಾಸಣೆ ಮಾಡುವ, ಕೆಟ್ಟರೆ ರಿಪೇರಿ ಮಾಡುವ ನೌಕರ. ಮೂವತ್ತೊಂದು ವರ್ಷ ಬಂದೂಕು ಬಿಚ್ಚಿ ಜೋಡಿಸಿದ ಕೈ ನನ್ನದು. ಹ್ಯಾಮರ್ ಬಿದ್ದ ಸದ್ದು ಕೇಳಿಯೇ ಒಳಗಿನ ಯಾವ ಸ್ಪ್ರಿಂಗ್ ಸೋತಿದೆ ಎಂದು ಹೇಳುತ್ತಿದ್ದೆ. ಇದನ್ನು ಜಂಬ ಅನ್ನುವವರು ಅನ್ನಲಿ, ಹೇಳಿದ್ದು ತಪ್ಪಿದ ನೆನಪು ನನಗಿರಲಿಲ್ಲ.

ಚುನಾವಣೆ ಬಂತೆಂದರೆ ಪರವಾನಗಿ ಪಡೆದವರು ತಮ್ಮ ಆಯುಧಗಳನ್ನು ಠಾಣೆಗೆ ತಂದು ಜಮಾ ಮಾಡಬೇಕು. ಫಲಿತಾಂಶ ಬಂದ ಮೇಲೆ ವಾಪಸ್ ಒಯ್ಯಬಹುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಜಮಾ ಆಗುವ ಆಯುಧಗಳನ್ನು ನೋಡುವ ಕೆಲಸ ಆ ಸಲ ನನ್ನ ಪಾಲಿಗೆ ಬಂದಿತ್ತು. ಬರುವುದೆಲ್ಲ ಹೆಚ್ಚಾಗಿ ಬೆಳೆ ಕಾಯುವ ಒಂಟಿ ನಳಿಕೆಯ ಬಂದೂಕುಗಳು. ಕೆಲವಕ್ಕೆ ಹಗ್ಗ ಕಟ್ಟಿರುತ್ತಾರೆ, ಕೆಲವಕ್ಕೆ ಸೈಕಲ್ ಟ್ಯೂಬು ಸುತ್ತಿರುತ್ತಾರೆ. ಬೈದು ಬೈದು ನನ್ನ ಗಂಟಲು ಒಣಗುತ್ತಿತ್ತು. ನನ್ನ ಸಿಟ್ಟಿಗೆ ಜಿಲ್ಲೆಯಲ್ಲಿ ಹೆಸರಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಹಾನಗಲ್ಲಿನಲ್ಲಿ ಎರಡನೆಯ ದಿನ ಬೆಳಿಗ್ಗೆ ಪಾರ್ವತವ್ವ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಊರ ಹೊರಗೆ ಮಾವಿನ ಸಸಿಗಳ ನರ್ಸರಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರ ಪಾಯಿಂಟ್ 32 ರಿವಾಲ್ವರಿನ ಪರವಾನಗಿ ಇವರ ಹೆಸರಿಗೆ ಬಂದಿತ್ತು. ಕಸೂತಿ ಹಾಕಿದ ಕೈಚೀಲದಿಂದ ರಿವಾಲ್ವರ್ ತೆಗೆದು, ತರಕಾರಿ ಇಟ್ಟಷ್ಟು ಸಲೀಸಾಗಿ ನನ್ನ ಮೇಜಿನ ಮೇಲಿಟ್ಟರು.

"ಲಗೂನ ನೋಡಿ ಕಳಸ್ರಿ ಸಾಹೇಬ್ರ. ತ್ವಾಟದಾಗ ಕಸಿ ಕಟ್ಟೋ ಆಳು ಕುಂತಾರ, ನಾ ಹೋಗೋತನಕ ಕೈ ಅಲ್ಲಾಡಸಂಗಿಲ್ಲ."

ರಿವಾಲ್ವರ್ ಚೆನ್ನಾಗಿತ್ತು. ಸಿಲಿಂಡರ್ ಬಿಗಿಯಾಗಿ ತಿರುಗುತ್ತಿತ್ತು, ನಳಿಕೆ ಕನ್ನಡಿ ಹಾಗಿತ್ತು. ಮೆಚ್ಚಿ ತಲೆಯಾಡಿಸಿ ಕಾಡತೂಸಿನ ಡಬ್ಬಿ ತೆರೆದೆ. ಪರವಾನಗಿ ಪುಸ್ತಕದಲ್ಲಿ ಇಪ್ಪತ್ತೈದು ಎಂದಿತ್ತು. ಡಬ್ಬಿಯಲ್ಲಿದ್ದದ್ದು ಹದಿನೆಂಟು ತುಂಬಿದವು, ಒಂದು ಖಾಲಿ. ಆರು ಕಡಿಮೆ. ಆ ಆರರ ಮಾತು ಎತ್ತುವ ಮೊದಲು ಒಂದು ಕಾಡತೂಸನ್ನು ತಿರುವಿ ಹಿಂಬದಿ ನೋಡಿದೆ. ಅಲ್ಲಿಗೆ ನನ್ನ ನೆತ್ತಿ ಬಿಸಿಯಾಯಿತು.

ಓದುಗರಿಗೆ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕಾಡತೂಸಿನ ಹಿಂಬದಿಯ ನಡುವೆ ಸಣ್ಣ ಗುಂಡಿಯಂಥ ಲೋಹದ ಟೋಪಿ ಇರುತ್ತದೆ. ಅದಕ್ಕೆ ಪ್ರೈಮರ್ ಎನ್ನುತ್ತೇವೆ, ನಮ್ಮ ಕಡೆ ರೈತರು ಕೇಪು ಎನ್ನುತ್ತಾರೆ. ಹ್ಯಾಮರ್ ಬಡಿದಾಗ ಪ್ರೈಮರ್ ಕಿಡಿ ಕೊಡುತ್ತದೆ, ಆ ಕಿಡಿಗೆ ಒಳಗಿನ ಮದ್ದು ಉರಿದು ಗುಂಡನ್ನು ನಳಿಕೆಯಿಂದ ಹೊರಗೆ ತಳ್ಳುತ್ತದೆ. ಪಿಸ್ತೂಲು, ರಿವಾಲ್ವರುಗಳ ಪೆಟ್ಟು ಹಗುರ, ಆದ್ದರಿಂದ ಅವುಗಳ ಪ್ರೈಮರಿನ ತಗಡು ತೆಳು. ರೈಫಲ್ಲಿನ ಪೆಟ್ಟು ಜೋರು, ಅದರ ಪ್ರೈಮರಿನ ತಗಡು ದಪ್ಪ. ಸಣ್ಣ ಅಳತೆಯ ಪ್ರೈಮರುಗಳಲ್ಲಿ ಇವೆರಡರ ಅಗಲ ಒಂದೇ. ಒಂದರ ಜಾಗದಲ್ಲಿ ಇನ್ನೊಂದು ಅಚ್ಚುಕಟ್ಟಾಗಿ ಕೂತುಬಿಡುತ್ತದೆ. ಕೂತಿತೆಂದು ಅದು ಅಲ್ಲಿಯದಾಗುವುದಿಲ್ಲ.

ಪಾರ್ವತವ್ವನ ಕಾಡತೂಸುಗಳಿಗೆ ಕಾರ್ಖಾನೆಯ ಪ್ರೈಮರ್ ಇರಲಿಲ್ಲ. ಯಾರೋ ಹಳೆಯ ಖಾಲಿಗಳಿಗೆ ಮನೆಯಲ್ಲಿ ಕೂತು ಹೊಸ ಪ್ರೈಮರ್ ಹಾಕಿ, ಮದ್ದು ತುಂಬಿದ್ದರು. ಎರಡರ ಮೇಲೆ ಹ್ಯಾಮರಿನ ಪೆಟ್ಟು ಬಿದ್ದ ಗುರುತಿತ್ತು, ಆದರೆ ಗುಳಿ ಮೇಲುಮೇಲಕ್ಕೆ. ಬಡಿದರೂ ಸಿಡಿದಿರಲಿಲ್ಲ. ದಪ್ಪ ತಗಡಿನ ರೈಫಲ್ ಪ್ರೈಮರ್ ಎಂದು ಆಗಲೇ ಮನಸ್ಸಿನಲ್ಲಿ ಬರೆದುಕೊಂಡೆ. ಹೀಗೆ ಮನೆಯಲ್ಲಿ ಕಾಡತೂಸು ತುಂಬುವುದು ನಮ್ಮ ಕಾನೂನಿನಲ್ಲಿ ಅಪರಾಧ ಕೂಡ.

"ಅಕ್ಕಾರ, ಇವನ್ನ ತುಂಬಿದವ್ರು ಯಾರು?"

"ಸವಣೂರ ಖಾದರಸಾಬ್ರು. ಗಡಿಯಾರ ರಿಪೇರಿ ಮಾಡ್ತಾರಲ್ರಿ, ಅವ್ರು. ಮದಲ ಬಂದೂಕಿನ ಅಂಗಡ್ಯಾಗ ಕೆಲಸಕ್ಕಿದ್ರು. ಚಂದಂಗ ಮಾಡ್ಯಾರ. ಯಾಕ?"

"ಚಂದಂಗ ಮಾಡ್ಯಾರಂತ! ಎರಡು ಹಾರೇ ಇಲ್ಲಲ್ಲ ಇಲ್ಲೆ?"

"ಹೋದ ತಿಂಗಳ ಹಂದಿ ಬೆದರಸಾಕ ಮೂರ ಸಲ ಒತ್ತಿದೆ. ಎರಡು ಹಾರಲಿಲ್ಲ. ಒಂದು ಹಾರಿತು, ಆದ್ರ ಪುಸ್ ಅಂತು, ಹಸಿ ಪಟಾಕಿ ಅಂದಂಗ. ಅಷ್ಟಕ್ಕ ಯಾಕ ಮಾರಿ ಕೆಂಪ ಮಾಡ್ತೀರಿ?"

'ಪುಸ್' ಎಂಬ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದೆ. ನಮ್ಮ ಕೆಲಸದಲ್ಲಿ ಢಂ ಎನ್ನುವ ಸದ್ದಿಗೆ ಯಾರೂ ಹೆದರುವುದಿಲ್ಲ, ಪುಸ್ ಎನ್ನುವುದಕ್ಕೆ ಹೆದರಬೇಕು. ಮದ್ದು ಅರೆಬರೆ ಉರಿದರೆ ಗುಂಡಿಗೆ ಹೊರಗೆ ಹೋಗುವ ಬಲ ಸಾಲದೆ ನಳಿಕೆಯ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ. ಹಾರಲಿಲ್ಲವೆಂದು ಇನ್ನೊಂದು ಸಲ ಒತ್ತಿದರೆ ಹಿಂದಿನ ಗುಂಡು ಮುಂದಿನ ಗುಂಡಿಗೆ ಬಡಿದು ನಳಿಕೆ ಕೈಯಲ್ಲೇ ಸೀಳುತ್ತದೆ. ಅವರ ಗುಂಡು ಹೇಗೋ ಹೊರಬಿದ್ದಿತ್ತು, ಅದು ಅವರ ಪುಣ್ಯ. ಇಷ್ಟನ್ನೂ ನಾನು ಏರುದನಿಯಲ್ಲೇ ಹೇಳಿದೆ. ಕೈಬೆರಳು ಕಳೆದುಕೊಂಡ ಒಬ್ಬ ಸಿಪಾಯಿಯ ಕಥೆಯನ್ನೂ ಸೇರಿಸಿದೆ.

ವಾದಕ್ಕೆ ನಿಂತಿದ್ದ ಪಾರ್ವತವ್ವನ ಕಣ್ಣು ಡಬ್ಬಿಯ ಮೇಲೆ ಹೋಯಿತು. ಮುಖ ಬಿಳಿಚಿಕೊಂಡಿತು.

"ಅಯ್ಯ ಶಿವನ! ಹಂಗಾರ ರುದ್ರನ ಕೈಯಾಗಿನವು?"

ಆರು ಕಾಡತೂಸಿನ ಲೆಕ್ಕ ಆಗ ಹೊರಬಂತು. ರುದ್ರಗೌಡ ಅವರ ತಮ್ಮ, ಮಾಸೂರಿನಲ್ಲಿ ಗದ್ದೆ ಮಾಡುತ್ತಿದ್ದ. ಅವನ ಹತ್ತಿರವೂ ಪರವಾನಗಿ ಇರುವ ಇದೇ ಅಳತೆಯ ರಿವಾಲ್ವರ್ ಇತ್ತು. ಹಿಂದಿನ ದೀಪಾವಳಿಗೆ ತವರಿಗೆ ಹೋದ ಅಕ್ಕ ತಮ್ಮನಿಗೆ ಆರತಿ ಮಾಡಿ, ಕರ್ಚೀಕಾಯಿ ಡಬ್ಬಿಯ ಜೊತೆಗೆ ಆರು ಕಾಡತೂಸನ್ನೂ ಕೊಟ್ಟು ಬಂದಿದ್ದರು. ಹೆಪ್ಪಿಗೆ ಮಜ್ಜಿಗೆ ಕೊಟ್ಟಂತೆ! ಒಬ್ಬರ ಪರವಾನಗಿಯ ಕಾಡತೂಸು ಇನ್ನೊಬ್ಬರ ಕೈಗೆ ಹೋಗಬಾರದು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ದಿನ ಬೆಳಿಗ್ಗೆ ಠಾಣೆಗೆ ಹೊರಡುವ ಮೊದಲು ತಮ್ಮನಿಗೆ ಫೋನ್ ಮಾಡಿದ್ದರು. ಮರುದಿನ ಅವನೂ ಹಿರೇಕೆರೂರಿನಲ್ಲಿ ಆಯುಧ ಜಮಾ ಮಾಡುವವನಿದ್ದ. ಅವನ ಪುಸ್ತಕದಲ್ಲಿಲ್ಲದ ಆರು ಅವನಲ್ಲಿ ಸಿಕ್ಕರೆ ತೊಂದರೆ, ಇವರ ಪುಸ್ತಕದಲ್ಲಿರುವ ಆರು ಇಲ್ಲದಿದ್ದರೆ ಇವರಿಗೆ ತೊಂದರೆ. ಆದ್ದರಿಂದ ಆರನ್ನೂ ಇವತ್ತೇ ಹಾರಿಸಿ, ಖಾಲಿಗಳನ್ನು ಸಂಜೆಯೊಳಗೆ ಹಾನಗಲ್ಲಿಗೆ ಮುಟ್ಟಿಸು ಎಂದು ಹೇಳಿದ್ದರು. ಖಾಲಿ ತೋರಿಸಿದರೆ ಹಾರಿಸಿದ್ದೇನೆ ಎಂದು ಪುಸ್ತಕ ಸರಿಮಾಡಿಸಬಹುದು ಎಂಬುದು ಅವರ ಯೋಜನೆ.

"ಯಾವಾಗ ಹಾರಸ್ತೇನಿ ಅಂದಾನ?"

"ಆಳು ಉಣ್ಣಾಕ ಹ್ವಾದ ಮ್ಯಾಲ, ಒಂದರ ಸುಮಾರಕ್ಕ. ಮದಗದ ಕೆರಿ ಕೆಳಗಿನ ಗದ್ದ್ಯಾಗ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತಾಗಿತ್ತು. ಪಾರ್ವತವ್ವ ತಮ್ಮನಿಗೆ ಫೋನ್ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಠಾಣೆಯ ಪಿಎಸ್‌ಐ ತಕ್ಷಣ ಹಿರೇಕೆರೂರಿಗೆ ತಿಳಿಸಿದರು. ಅಲ್ಲಿಯವರು ಮಾಸೂರಿಗೆ ಒಬ್ಬರನ್ನು ಕಳಿಸಿದರೂ ಅವರು ಗೌಡನ ಮನೆಗಷ್ಟೇ ಹೋಗಬಲ್ಲರು. ಕೆರೆಯ ಕೆಳಗಿನ ಅಷ್ಟು ಗದ್ದೆಗಳಲ್ಲಿ ಅವನು ನಿಂತ ಬದು ಯಾವುದೆಂದು ಅಕ್ಕನಿಗೆ ಮಾತ್ರ ಗೊತ್ತಿತ್ತು. ಜೀಪು ತೆಗೆಸಿದೆ. ಪಾರ್ವತವ್ವನನ್ನು ಹತ್ತಲು ಹೇಳುವ ಮೊದಲೇ ಅವರು ಹತ್ತಿ ಕೂತಿದ್ದರು. ಕಸಿ ಕಟ್ಟುವ ಆಳುಗಳ ನೆನಪೂ ಅವರಿಗೆ ಉಳಿದಿರಲಿಲ್ಲ.

ತಿಳವಳ್ಳಿ ದಾಟುವವರೆಗೆ ಅವರು ಫೋನ್ ಕಿವಿಯಿಂದ ಇಳಿಸಲಿಲ್ಲ. ಪ್ರತಿ ಸಲವೂ ಪೂರ್ತಿ ರಿಂಗಾಗಿ ಕಡಿದುಹೋಗುತ್ತಿತ್ತು. ಅವನು ಅದನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಗದ್ದೆಗೆ ಹೋಗಿದ್ದ ಎಂಬುದು ಆಮೇಲೆ ತಿಳಿಯಿತು. ಡ್ರೈವರ್ ಜೋರಾಗಿಯೇ ಓಡಿಸುತ್ತಿದ್ದ, ಆದರೂ ಅವನಿಗೆ ನನ್ನಿಂದ ಬೈಗುಳ ತಪ್ಪಲಿಲ್ಲ.

"ಅವಂಗ ನಾ ಒಂದ ಮಾತು ಹೇಳಿದ್ರ ಸಾಕ್ರಿ, ಮಾಡೇ ತೀರತಾನ," ಎಂದರು ಪಾರ್ವತವ್ವ. "ಊರ ಮಂದಿ ಮಾತು ಕೇಳಂಗಿಲ್ಲ, ಹೇಣ್ತಿ ಮಾತು ಕೇಳಂಗಿಲ್ಲ, ನನ್ನ ಮಾತು ಮಾತ್ರ ಮೀರಂಗಿಲ್ಲ. ಇವತ್ತ ಒಂದ ದಿನ ಮೈಗಳ್ಳ ಆಗಬಾರದೇನ್ರಿ ಅಂವ!"

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅದು ನನಗೆ ಬರುವುದಿಲ್ಲ. ಅವರೇ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು.

"ನಮ್ಮವ್ವ ಸತ್ತಾಗ ಅವಂಗ ನಾಕ ವರ್ಸ. ಆ ಕೈ ಹಿಡಕೊಂಡ ಸಾಲಿಗೆ ಬಿಟ್ಟ ಬರ್ತಿದ್ದೆ ನಾನು. ಬಲಗೈ. ಎಡಗೈ ಕೊಡ್ತಿರಲಿಲ್ಲ, ಅದರಾಗ ಪಾಟಿ ಇರತಿತ್ತು."

ಮಾಸೂರು ಮುಟ್ಟಿದಾಗ ಹನ್ನೆರಡೂ ಐವತ್ತು. ಕಾಲುವೆಯ ದಂಡೆ ಹಿಡಿದು ಸ್ವಲ್ಪ ದೂರ ಹೋಗಿ ಜೀಪು ನಿಂತಿತು, ಮುಂದೆ ದಾರಿಯಿರಲಿಲ್ಲ. ಕೆಳಗಿಳಿದು ಬದುವಿನ ಮೇಲೆ ಓಡತೊಡಗಿದೆವು. ಓಡುತ್ತಿದ್ದಂತೆ ಮೊದಲ ಗುಂಡಿನ ಸದ್ದು ಕೇಳಿತು. ಒಳ್ಳೆಯ, ತುಂಬಿದ ಸದ್ದು. ಹಿಂದೆಯೇ ಎರಡನೆಯದು, ಅದೂ ಸರಿಯಾಗಿತ್ತು. ನನ್ನ ವಯಸ್ಸಿಗೆ ಉಸಿರು ಕಟ್ಟುತ್ತಿತ್ತು, ಆದರೂ ಕಿವಿ ಮಾತ್ರ ಎಣಿಸುತ್ತಿತ್ತು. ಬಾಳೆಯ ಸಾಲು ದಾಟಿದೊಡನೆ ಅವನು ಕಾಣಿಸಿದ. ಒಣ ಬದುವಿಗೆ ಮುಖಮಾಡಿ, ಬಲಗೈ ಚಾಚಿ ನಿಂತಿದ್ದ. ಮೂರನೆಯ ಸಲ ಒತ್ತಿದ. ಕೈ ಕುಲುಕಲಿಲ್ಲ. ಚೀಲ ಕೊಡವಿದಷ್ಟು ಸದ್ದು ಬಂತು, ಅಷ್ಟೇ. ಅವನು ರಿವಾಲ್ವರನ್ನು ಒಮ್ಮೆ ನೋಡಿದ, ತಲೆ ಅಲ್ಲಾಡಿಸಿ ಮತ್ತೆ ಕೈ ಎತ್ತಿದ.

"ನಿಲ್ಲಸ್ರಿ!" ಎಂದು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಪಾರ್ವತವ್ವನ ದನಿ ಗದ್ದೆಯ ಆಚೆಗೂ ಹೋಯಿತು.

"ರುದ್ರಾ! ಕೈ ಇಳಸೋ!"

ಅವನು ತಿರುಗಿ ನೋಡಿ ನಕ್ಕ. "ಏ ಅಕ್ಕಾ, ನೀ ಯಾಕ ಬಂದಿ? ಇನ್ನ ಮೂರ ಉಳದಾವು. ತಡಿ, ಮುಗಸೇ ಬಿಡ್ತೇನಿ." ಎಂದವನೇ ಮತ್ತೆ ಬದುವಿನ ಕಡೆ ಮುಖ ಮಾಡಿದ. ಅಕ್ಕ ಹೇಳಿದ ಕೆಲಸ, ಅಕ್ಕನ ಕಣ್ಣೆದುರಿಗೇ ಮುಗಿಸುವ ಹುಮ್ಮಸ್ಸು ಅವನಿಗೆ. ನಾವು ಇನ್ನೂ ಎರಡು ಮಡಿ ಆಚೆಗಿದ್ದೆವು.

"ರುದ್ರಾ, ನಿನ್ನ ಕಾಲಿಗೆ ಬೀಳ್ತೇನೋ ತಮ್ಮಾ!"

ತಾಯಿಯ ಹಾಗೆ ಸಾಕಿದ ಅಕ್ಕ ತಮ್ಮನ ಕಾಲಿಗೆ ಬೀಳುವ ಮಾತು ಆಡುವುದೆಂದರೆ ನಮ್ಮ ಕಡೆ ಹುಡುಗಾಟವಲ್ಲ. ಕೇಳಿದವನಿಗೆ ಪಾಪ ತಟ್ಟುತ್ತದೆ ಎಂದು ನಂಬುತ್ತಾರೆ. ಅವನ ಕೈ ತಾನಾಗಿ ಇಳಿಯಿತು. "ಏನ್ ಮಾತಾಡ್ತೀ ಅಕ್ಕಾ, ಬಿಡ್ತು ಅನ್ನು, ಬಿಡ್ತು ಅನ್ನು" ಎನ್ನುತ್ತ ಅಲ್ಲೇ ನಿಂತುಬಿಟ್ಟ. ನಾನು ಹೋಗಿ ಅವನ ಬೆರಳು ಟ್ರಿಗರಿನಿಂದ ಬಿಡಿಸಿ, ಬಾಯಿ ನೆಲಕ್ಕೆ ಮಾಡಿ ರಿವಾಲ್ವರ್ ತೆಗೆದುಕೊಂಡೆ. ತಡವಾಗಿ ಸಿಡಿಯುವ ಸಂಭವವೂ ಇರುತ್ತದೆಂದು ಪೂರ್ತಿ ಒಂದು ನಿಮಿಷ ಕಾದೆ. ಆಮೇಲೆ ಸಿಲಿಂಡರ್ ಹೊರಳಿಸಿ ಉಳಿದ ಮೂರನ್ನು ತೆಗೆದು ಕಿಸೆಗೆ ಹಾಕಿಕೊಂಡೆ.

ನಳಿಕೆ ಒರೆಸುವ ಸಲಾಕೆ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಬಾಯಿಯ ಕಡೆಯಿಂದ ಒಳಗೆ ಬಿಟ್ಟೆ. ಎರಡು ಬೆರಳಷ್ಟು ಹೋಗಿ ಕಟ್ ಎಂದು ನಿಂತಿತು. ರುದ್ರಗೌಡನ ಕೈಗೆ ಸಲಾಕೆ ಕೊಟ್ಟು ನೀವೇ ತಳ್ಳಿ ನೋಡಿ ಎಂದೆ. ತಳ್ಳಿದ, ಅಲ್ಲಾಡಲಿಲ್ಲ. ಒಳಗೆ ಮೂರನೆಯ ಗುಂಡು ಕೂತಿತ್ತು.

"ನಾಕನೇದು ಒತ್ತಿದ್ರ ಕೈ ಹೋಗತಿತ್ತೇನ್ರಿ?" ಎಂದು ಕೇಳಿದ.

"ಕೈಯಷ್ಟ ಅಂತ ಹೇಳಾಕ ಬರಂಗಿಲ್ಲ. ಕಣ್ಣು ಹೋಗತಿತ್ತೋ, ಜೀವಾನ ಹೋಗತಿತ್ತೋ."

ಅವನು ಬದುವಿನ ಮೇಲೆ ಕುಸಿದು ಕೂತ. ಪಾರ್ವತವ್ವ ಅವನ ಬೆನ್ನಿಗೆ ಎರಡು ಗುದ್ದು ಗುದ್ದಿದರು, ಆಮೇಲೆ ಅವನ ಬಲಗೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಊಟಕ್ಕೆ ಹೋಗಿದ್ದ ಆಳುಗಳು ಬಂದು ಸುತ್ತ ನಿಂತರು. ನನ್ನ ಕಣ್ಣಲ್ಲೂ ನೀರು ಬಂತು, ಬಿಸಿಲಿಗೆ ಎಂದು ಒರೆಸಿಕೊಂಡೆ.

ಮರುದಿನ ಪಿಎಸ್‌ಐ ಮತ್ತು ಇಬ್ಬರು ಪಂಚರ ಜೊತೆ ಸವಣೂರಿಗೆ ಹೋದೆ. ಖಾದರಸಾಬರಿಗೆ ಎಪ್ಪತ್ತು ದಾಟಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಹೆಂಗಸರ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು. ನಮ್ಮನ್ನು ಕಂಡು ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. "ಹೌದ್ರಿ, ನಾನ ತುಂಬಿ ಕೊಟ್ಟೇನಿ" ಎಂದು ಒಳಗಿನಿಂದ ತಮ್ಮ ಸಾಮಾನು ತಂದು ಮುಂದಿಟ್ಟರು. ಅವರು ಕೆಲಸಕ್ಕಿದ್ದ ಅಂಗಡಿ ಮುಚ್ಚಿದಾಗ ಉಳಿದಿದ್ದ ಪ್ರೈಮರಿನ ಒಂದು ಪೊಟ್ಟಣವೂ ಅದರಲ್ಲಿತ್ತು. ನಾನು ಅಂದುಕೊಂಡಂತೆಯೇ ಅದು ರೈಫಲ್ ಪ್ರೈಮರ್. ನನಗೆ ಒಳಗೊಳಗೇ ಸಂತೋಷವಾಯಿತು. ನೋಡಿದ ಕೂಡಲೇ ಹಿಡಿದಿದ್ದೆನಲ್ಲ!

"ಚಾಚಾ, ಪಿಸ್ತೂಲಿಗೆ ರೈಫಲ್ಲಿನ ಕೇಪು ಹಾಕೋದ? ಇಷ್ಟು ವರ್ಸ ಅಂಗಡ್ಯಾಗ ಏನ್ ಕಲಿತ್ರಿ?"

"ಅಳತಿ ಹಚ್ಚಿ ನೋಡೇನ್ರಿ ಸಾಹೇಬ್ರ. ಕೂದಲಷ್ಟೂ ಫರಕ್ ಇಲ್ಲ. ಗಡಿಯಾರದಾಗ ಗಾಲಿ ಸರಿಯಾಗಿ ಕುಂತು ತಿರಗಿತಂದ್ರ ಅದು ಅದರದ್ದ. ನಂದು ಐವತ್ತು ವರ್ಸದ ಧಂದೆ, ಹಂಗ ತಿಳಕೊಂಡೆ."

ಮಾಸೂರಿನಲ್ಲಿ ನಡೆದದ್ದನ್ನು ಹೇಳಿ, ತಗಡಿನ ದಪ್ಪದ ಪಾಠವನ್ನು ಅವರಿಗೆ ಹತ್ತು ನಿಮಿಷ ಮಾಡಿದೆ. ಪಿಎಸ್‌ಐ ಕೂಡ ತಲೆದೂಗಿದರು. ಮುದುಕರು ಭೂತಗನ್ನಡಿ ತೆಗೆದು, ಒರೆಸಿಕೊಂಡು, ನಿಧಾನವಾಗಿ ಒಂದು ಪ್ರಶ್ನೆ ಕೇಳಿದರು.

"ಗಟ್ಟಿ ತಗಡು, ಪೆಟ್ಟಿಗೆ ಸಿಡಿಯಂಗಿಲ್ಲ. ಒಪ್ಪಿದೆ, ಗುನ್ಹೆ ನಂದು. ಆದ್ರ ಮಾಸೂರಾಗ ಮೂರನೇದು ಸಿಡೀತಲ್ರಿ? ಸಿಡಿದದ್ದು ಅರ್ಧಕ್ಕ ಯಾಕ ನಿಂತಿತು?"

ನನಗೆ ರೇಗಿತು. ರೇಗಿದ್ದು ಅವರು ಹೇಳಿದ್ದು ಸರಿಯಿದ್ದುದಕ್ಕೆ. ರೈಫಲ್ ಪ್ರೈಮರ್ ಒಮ್ಮೆ ಸಿಡಿಯಿತೆಂದರೆ ಅದರ ಕಿಡಿ ಪಿಸ್ತೂಲಿನದಕ್ಕಿಂತ ಬಿಸಿಯಾಗಿರುತ್ತದೆ, ತಣ್ಣಗಲ್ಲ. ಗುಂಡು ಅತಿ ಜೋರಿನಿಂದ ಹೋಗಬೇಕಿತ್ತು, ನಡುವೆ ನಿಲ್ಲುವುದಕ್ಕೆ ಕಾರಣವಿರಲಿಲ್ಲ. ಅದೇ ಕೈ ತುಂಬಿದ್ದ ಮೊದಲಿನ ಎರಡು ಸರಿಯಾಗಿಯೇ ಹೋಗಿದ್ದವು. ಹಿಂದಿನ ದಿನದಿಂದ ಇದು ನನ್ನ ಎದುರಿಗೇ ಇತ್ತು, ನನಗೆ ಹೊಳೆದಿರಲಿಲ್ಲ. ಗಡಿಯಾರದವನಿಗೆ ಹೊಳೆಯಿತು.

ಪಾರ್ವತವ್ವನಿಗೆ ಇಪ್ಪತ್ತೈದು ತುಂಬಿಕೊಟ್ಟ ದಿನವೇ ಖಾದರಸಾಬರು ಮಾದರಿಗೆಂದು ಇನ್ನೆರಡು ತುಂಬಿ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಅದರಲ್ಲಿ ಒಂದನ್ನೂ, ಮಾಸೂರಿನಿಂದ ತಂದ ಮೂರರಲ್ಲಿ ಒಂದನ್ನೂ ಪಂಚರ ಎದುರು ಬಿಚ್ಚಿದೆ. ಅವರದನ್ನು ಬಿಳಿ ಕಾಗದದ ಮೇಲೆ ಸುರಿದರೆ ಮದ್ದು ಒಣ ರಾಗಿಯಂತೆ ಉದುರಿತು. ಮಾಸೂರಿನದನ್ನು ತಲೆಕೆಳಗು ಮಾಡಿದರೂ ಮದ್ದು ಬೀಳಲಿಲ್ಲ. ಕಡ್ಡಿಯಿಂದ ಕೆದಕಿದಾಗ ಮುದ್ದೆಯಾಗಿ ಬಂತು, ಕಾಗದದ ಮೇಲೆ ಜಿಡ್ಡಿನ ಕಲೆ ಹರಡಿತು. ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ!

"ಅವ್ರ ಹಳೇ ಕಾಡತೂಸು ಬಿಚ್ಚಿದಾಗೂ ಹಿಂಗ ಅಂಟಿತ್ರಿ" ಎಂದರು ಖಾದರಸಾಬರು. "ಮದ್ದು ಹಳೇದಾಗೇತಿ ಅಂತ ಚೆಲ್ಲಿದ್ದೆ."

ಪಾರ್ವತವ್ವನಿಗೆ ಅಲ್ಲಿಂದಲೇ ಫೋನ್ ಹಚ್ಚಿ ಕಾಡತೂಸಿಗೆ ಎಣ್ಣೆ ಹೇಗೆ ಬಂತು ಎಂದು ಕೇಳಿದೆ. ಅವರಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

"ಮಾನಮಿ ಪೂಜಾದ ಎಣ್ಣಿ ಇರಬೇಕ್ರಿ. ನಮ್ಮವ್ರು ಇದ್ದಾಗ ಬರೇ ಪಿಸ್ತೂಲಿಗೆ ಹಚ್ಚತಿದ್ರು. ಅವ್ರು ಹ್ವಾದ ಮ್ಯಾಲ ನಾನ ಮಾಡ್ತೇನಿ. ಪಿಸ್ತೂಲು ದೇವ್ರಾದ್ರ ಕಾಡತೂಸು ಏನ್ ಪಾಪ ಮಾಡೇತಿ? ಎಲ್ಲಾವಕ್ಕೂ ಎಣ್ಣಿ ಹಚ್ಚಿ, ಕುಂಕುಮ ಇಟ್ಟು, ಒಂಬತ್ತು ದಿನ ದೇವಿ ಘಟ್ಟದ ಮುಂದ ಹಿತ್ತಾಳಿ ತಾಟಿನ್ಯಾಗ ಇಡ್ತೇನಿ."

ಎಲ್ಲ ಬಿಚ್ಚಿಕೊಂಡಿತು. ಒಂಬತ್ತು ದಿನ ಎಣ್ಣೆಯ ತಾಟಿನಲ್ಲಿ ನಿಂತ ಕಾಡತೂಸಿಗೆ ಪ್ರೈಮರಿನ ಸಂದಿಯಿಂದ ಎಣ್ಣೆ ಇಳಿದಿತ್ತು. ಕೆಲವಕ್ಕೆ ಹೆಚ್ಚು ಇಳಿದಿತ್ತು, ಕೆಲವಕ್ಕೆ ಇಳಿದೇ ಇರಲಿಲ್ಲ. ಆದ್ದರಿಂದ ಕೆಲವು ಹಾರಿದವು, ಒಂದು ನಡುವೆ ನಿಂತಿತು. ಮೊದಲಿದ್ದ ಕಾರ್ಖಾನೆಯ ಕಾಡತೂಸುಗಳು ಕೆಟ್ಟದ್ದೂ ಇದೇ ಎಣ್ಣೆಯಿಂದ. ಆ ರೋಗ ಗೊತ್ತಾಗದೆ ಪ್ರೈಮರ್ ಬದಲಿಸಿದರು, ಬದಲಿಸುವಾಗ ತಪ್ಪು ಪ್ರೈಮರ್ ಬಿತ್ತು, ಅದಾದ ಮೇಲೆ ಮತ್ತೆ ಮಹಾನವಮಿ ಬಂತು. ಹಾನಗಲ್ಲಿಗೆ ವಾಪಸಾಗಿ ವರದಿ ಬರೆದೆ. ಕಾರಣ ಒಂದು, ಪ್ರೈಮರಿನ ತಪ್ಪು ಆಯ್ಕೆ. ಕಾರಣ ಎರಡು, ಎಣ್ಣೆ. ನನ್ನ ವರದಿಗಳಲ್ಲೇ ಅದು ಚೆನ್ನಾದ ವರದಿ ಎಂದು ಪಿಎಸ್‌ಐ ಹೊಗಳಿದರು.

ಎರಡು ದಿನ ಬಿಟ್ಟು ಪಾರ್ವತವ್ವನ ಹೇಳಿಕೆ ಬರೆದುಕೊಂಡರು. ನಾನೂ ಕೂತಿದ್ದೆ. ಪ್ರೈಮರ್ ಬದಲಿಸಬೇಕು ಎಂದು ನಿಮಗೆ ಹೇಳಿದ್ದು ಯಾರು ಎಂದು ಪಿಎಸ್‌ಐ ಕೇಳಿದರು. ಪಾರ್ವತವ್ವ ನನ್ನ ಕಡೆ ಒಂದು ಸಲ ನೋಡಿ, "ಯಾರೂ ಹೇಳಿಲ್ರಿ, ನನಗ ಹಂಗ ಅನಿಸ್ತು" ಎಂದು ಸಹಿ ಹಾಕಿದರು. ಆ ನೋಟ ನನಗೆ ಅರ್ಥವಾಗಲಿಲ್ಲ. ಹೊರಗೆ ಜಗುಲಿಯ ಮೇಲೆ ಚಪ್ಪಲಿ ಮೆಟ್ಟುತ್ತಿದ್ದವರನ್ನು ಹೋಗಿ ಮಾತಾಡಿಸಿದೆ.

"ಒಳಗ ನನ್ನ ಕಡೆ ಯಾಕ ನೋಡಿದ್ರಿ ಅಕ್ಕಾರ?"

"ನಿಮಗ ನೆನಪಿಲ್ಲ ಬಿಡ್ರಿ. ಎರಡ ವರ್ಸದ ಹಿಂದ ಶಿಗ್ಗಾಂವ್ಯಾಗ ಬಂದೂಕಿನ ತಪಾಸಣಿ ಇಟ್ಟಿದ್ರಿ. ನಾ ಬೀಗರ ಊರು ದುಂಡಸಿಗೆ ಹ್ವಾದಾಕಿ, ಹಂಗ ಅಲ್ಲಿಗೂ ಬಂದಿದ್ದೆ. ಕಾಡತೂಸು ಹಾರವಲ್ವು ಅಂತ ನಿಮಗ ತೋರಿಸಿದೆ. ನೀವು ಚಾ ಕುಡ್ಯಾಕತ್ತಿದ್ರಿ. ಒಂದ ಕಾಡತೂಸು ತಗೊಂಡು ಹಿಂದ ನೋಡಿ, ಕೇಪು ಸತ್ತಾವು, ಬ್ಯಾರೆ ಕೇಪು ಬೇಕು ಅಂದ್ರಿ. ನಾ ಬ್ಯಾರೆ ಹಾಕಿಸಿದೆ."

ನನಗೆ ಆ ದಿನ ನೆನಪಿರಲಿಲ್ಲ, ಅವರ ಮುಖವೂ ನೆನಪಿರಲಿಲ್ಲ. ಆದರೆ ಮಾತು ನನ್ನದೇ. ಹಳೆಯ ಕಾಡತೂಸು ಕಂಡಲ್ಲೆಲ್ಲ ನಾನು ಆಡುತ್ತಿದ್ದ ಮಾತು ಅದು. ಅವನ್ನು ಒಪ್ಪಿಸಿಬಿಡಿ, ಪರವಾನಗಿ ಇರುವ ಅಂಗಡಿಯಿಂದ ಹೊಸ ಕಾಡತೂಸು ತನ್ನಿ ಎಂದು ಮುಂದುವರಿಸಿ ಹೇಳಬೇಕಿತ್ತು. ಅದಕ್ಕಿಂತ ಮೊದಲು ಒಂದನ್ನಾದರೂ ಬಿಚ್ಚಬೇಕಿತ್ತು. ಐದು ನಿಮಿಷದ ಕೆಲಸ. ಬಿಚ್ಚಿದ್ದರೆ ಅವತ್ತೇ ಎಣ್ಣೆ ಮೂಗಿಗೆ ಬಡಿಯುತ್ತಿತ್ತು.

"ಒಳಗ ಯಾಕ ಹೇಳಲಿಲ್ಲ?" ಎಂದೆ.

"ಅಷ್ಟ ದೂರ ನನ್ನ ಸಂಗಾಟ ಓಡಿ ಬಂದ್ರಿ. ನಿಮ್ಮ ಹೆಸರು ತಗ್ಯಾಕ ಮನಸ್ಸ ಬರಲಿಲ್ಲ." ಅವರು ಚೀಲ ಹೆಗಲಿಗೇರಿಸಿದರು. "ಆದ್ರ ಒಂದ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ನನ್ನ ತಮ್ಮನ ಕೈ ಹೋಗಿದ್ರ, ಯಾರ ಹೆಸರು ಬರೀತಿದ್ರಿ?"

ಖಾದರಸಾಬರ ಹೆಸರು ಬರೆಯುತ್ತಿದ್ದೆ. ಎಣ್ಣೆಯ ಮಾತೂ ಬರುತ್ತಿರಲಿಲ್ಲ. ಸೀಳಿದ ನಳಿಕೆಯನ್ನೂ ರೈಫಲ್ ಪ್ರೈಮರನ್ನೂ ಪಕ್ಕಪಕ್ಕ ಇಟ್ಟು, ಎಪ್ಪತ್ತು ದಾಟಿದ ಮುದುಕನನ್ನು ಕೋರ್ಟಿನ ಕಟಕಟೆಗೆ ಏರಿಸಿ, ಸರಿಯಾದ ಕೆಲಸ ಮಾಡಿದೆನೆಂದು ನೆಮ್ಮದಿಯಿಂದ ಮಲಗುತ್ತಿದ್ದೆ. ಅವರು ಉತ್ತರಕ್ಕೆ ಕಾಯದೆ ಹೋದರು, ಕಸಿಯ ಆಳುಗಳು ಕೂತಿದ್ದರಲ್ಲ.

ಒಳಗೆ ಹೋಗಿ ವರದಿಯನ್ನು ವಾಪಸ್ ಕೇಳಿದೆ. ಕಾರಣ ಮೂರು ಎಂದು ಸೇರಿಸಿ, ಶಿಗ್ಗಾಂವಿಯ ತಪಾಸಣೆಯಲ್ಲಿ ಕಾಡತೂಸು ಬಿಚ್ಚದೆಯೇ ಪ್ರೈಮರ್ ಸತ್ತಿದೆ ಎಂದು ಅಭಿಪ್ರಾಯ ಹೇಳಿದ ಆರ್ಮರರ್ ನಾನೇ ಎಂದು ಬರೆದು, ಹೆಸರು, ಹುದ್ದೆ ಹಾಕಿದೆ. ಪಿಎಸ್‌ಐ ಓದಿ, "ಇದು ಬೇಕಾ ಸರ? ಯಾರೂ ಕೇಳಿಲ್ಲಲ್ಲ" ಎಂದರು. "ಒಬ್ಬರು ಕೇಳ್ಯಾರ" ಎಂದೆ. ಮುಂದೆ ಕಾನೂನಿನಂತೆ ಆಗಬೇಕಾದ್ದು ಆಯಿತು. ಅಕ್ಕ ತಮ್ಮ ಇಬ್ಬರ ಪರವಾನಗಿಯೂ ಅಮಾನತಾಯಿತು, ಖಾದರಸಾಬರ ಸಾಮಾನು ಜಪ್ತಿಯಾಗಿ ಅವರ ಮೇಲೆ ಪ್ರಕರಣ ನಡೆಯಿತು. ಅವರೊಬ್ಬರದೇ ತಪ್ಪಲ್ಲ ಎಂದು ಅವರ ವಕೀಲರು ನನ್ನ ಮೂರನೆಯ ಕಾರಣವನ್ನು ಓದಿ ತೋರಿಸಿದರಂತೆ. ನನಗೊಂದು ಮೆಮೊ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲ ಮೆಮೊ, ಅದನ್ನು ಮಡಿಸಿ ಇಟ್ಟುಕೊಂಡಿದ್ದೇನೆ.

ನಾನು ಈ ಕೆಲಸದಿಂದ ಕಲಿತದ್ದು ಬಂದೂಕಿನ ಬಗ್ಗೆಯೇ ಹೆಚ್ಚು, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ನೋಡಿ ಹೇಳುವ ಕಣ್ಣು ನನಗಿದೆ, ನಿವೃತ್ತಿಯಾದ ಮೇಲೂ ಇದೆ. ಆದರೆ ನಮ್ಮಂಥವರು ಚಹಾದ ಲೋಟ ಕೈಯಲ್ಲಿ ಹಿಡಿದು ಆಡುವ ಅರ್ಧ ಮಾತನ್ನು ಜನ ಪೂರ್ತಿ ನಂಬಿ, ಮನೆಗೆ ಹೋಗಿ ಮಾಡಿಬಿಡುತ್ತಾರೆ. ಅವರು ನಂಬುವಷ್ಟು ನಾವು ನೋಡಿರಬೇಕು. ಆಮೇಲಿನ ನನ್ನ ನೌಕರಿಯಲ್ಲಿ ಹಾರದ ಕಾಡತೂಸು ಎಂದು ಯಾರೇ ತಂದರೂ ಲೋಟ ಕೆಳಗಿಟ್ಟು, ಬಿಚ್ಚಿ ನೋಡಿ, ಆಮೇಲೆ ಬಾಯಿ ತೆರೆದೆ. ಬಿಚ್ಚಿ ನೋಡಿದಾಗ ನಾನು ಮೊದಲು ಅಂದುಕೊಂಡದ್ದೇ ನಿಜವಾಗಿರುತ್ತಿತ್ತು, ಹೆಚ್ಚಿನ ಸಲ. ತಪ್ಪಿದ್ದು ಎರಡೇ ಸಲ. ಎರಡೂ ಸಲ ನನಗೆ ಮಾಸೂರಿನ ಆ ಬಲಗೈ ಕಣ್ಣಿಗೆ ಕಟ್ಟಿತು.